ಅಪ್‌ಡೇಟ್: ತುರ್ಕಾನಾ ಸರೋವರದ ದಡಕ್ಕೆ ಹೋಗಿ ಬಂದೆ

ಕೀನ್ಯಾದಲ್ಲಿ ಈ ಸರೋವರದ ಪೂರ್ವ ದಡದಲ್ಲಿರುವ ಪಳೆಯುಳಿಕೆ ತಾಣ ಕೂಬಿ ಫೋರಾದಲ್ಲಿ ಮಾನವ ಮೂಲ ಕುರಿತ ಬೇಸಿಗೆ ಕ್ಷೇತ್ರಶಾಲೆಗೆ (ಸ್ಥಳದಲ್ಲೇ ಹುಡುಕಿ ಕಲಿಯುವ ಶಿಬಿರಕ್ಕೆ) ಹೊರಟಾಗ ಹಳದಿ ಜ್ವರದ ಲಸಿಕೆ, ಬಿಸಿಲಿನ ಕಾಟದ ಬಗ್ಗೆ ನಿಮ್ಮನ್ನು ಕೇಳಿದ್ದೆನಲ್ಲ, ಮರಳಿ ಬಂದು ನಾಲ್ಕು ದಿನವಾಯಿತು.

‘ಮೊದಲು ಲಸಿಕೆ, ಆಮೇಲೆ ಟಿಕೆಟ್’ ಎಂದವರಿಗೆ ದೊಡ್ಡ ನಮಸ್ಕಾರ. ಪ್ರಮಾಣಪತ್ರಕ್ಕೆ ಬೆಲೆ ಬರುವುದು ಚುಚ್ಚಿಸಿಕೊಂಡ 10 ದಿನಗಳ ಬಳಿಕವೇ. ಬೆಂಗಳೂರಿನಲ್ಲಿ ಇಳಿದಾಗ ಅದನ್ನೇ ಮೊದಲು ಕೇಳಿದರು. ಅಗಲ ಅಂಚಿನ ಟೋಪಿಯ ಸಲಹೆ ಮಾತ್ರ ಕೈಕೊಟ್ಟಿತು. ಸರೋವರದ ಗಾಳಿ ಎರಡನೆಯ ದಿನವೇ ಅದನ್ನು ಹಾರಿಸಿಕೊಂಡು ಹೋಯಿತು. ಕೊನೆಗೆ ನಮ್ಮ ಅಜ್ಜ ಹೊಲದಲ್ಲಿ ಸುತ್ತಿಕೊಳ್ಳುತ್ತಿದ್ದಂತೆ ತಲೆಗೆ ಟವೆಲ್ ಬಿಗಿದೆ.

ಯಾರೂ ಹೇಳಿರದ ಸಂಗತಿಯೊಂದು: ಸಿಕ್ಕ ಚೂರು ಕಲ್ಲೋ ಮೂಳೆಯೋ ಎಂಬ ಅನುಮಾನ ಬಂದರೆ ನಾಲಿಗೆಗೆ ತಾಗಿಸಿ ನೋಡುತ್ತಾರೆ! ಸೂಕ್ಷ್ಮ ರಂಧ್ರಗಳಿರುವ ಪಳೆಯುಳಿಕೆ ಮೂಳೆ ಸಾಮಾನ್ಯವಾಗಿ ಅಂಟಿಕೊಳ್ಳುತ್ತದೆ, ಕಲ್ಲು ಜಾರುತ್ತದೆ. ನನ್ನ ಮೊದಲ ‘ಮಹಾಶೋಧ’ ಬರಿಯ ಬಸಾಲ್ಟ್ ಕಲ್ಲು. ಬಾಯಿ ತುಂಬ ಧೂಳು. ಅಗೆಯುವುದಕ್ಕಿಂತ ತಲೆ ತಗ್ಗಿಸಿ ನಡೆದದ್ದೇ ಹೆಚ್ಚು. 1984ರಲ್ಲಿ ಎದುರು ದಡದಲ್ಲಿ ಕೀನ್ಯಾದ ಪಳೆಯುಳಿಕೆ ಶೋಧಕ ಕಮೋಯ ಕಿಮೆಯು ‘ತುರ್ಕಾನಾ ಬಾಲಕ’ನ (ಸುಮಾರು 15 ಲಕ್ಷ ವರ್ಷ ಹಳೆಯ ಆದಿಮಾನವ ಹುಡುಗನ ಅಸ್ಥಿಪಂಜರದ) ಸುಳಿವು ಹಿಡಿದದ್ದೂ ಹಾಗೆಯೇ, ತಲೆಬುರುಡೆಯ ಒಂದು ಪುಟ್ಟ ಚೂರಿನಿಂದ.

ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ನಮ್ಮ ಮುದ್ದೆಯ ತಮ್ಮನೇ. ಉಪ್ಪಿನಕಾಯಿ ಒಯ್ಯಲು ಹೇಳಿದವರೇ, ಬಾಟಲಿ ಮೂರನೆಯ ದಿನಕ್ಕೆ ಖಾಲಿ.