ಗುರಿ ಅಭ್ಯಾಸಕ್ಕೂ ಪಂದ್ಯಕ್ಕೂ ಒಂದೇ ಪಿಸ್ತೂಲು: ಕಡಿಮೆ ಖರ್ಚಿನಲ್ಲಿ ಯಾವುದು ತಗೊಳ್ಳಲಿ?

ಪ್ರಶ್ನೆ: ನಮಸ್ಕಾರ ಸರ್. ಒಂದೂವರೆ ವರ್ಷದಿಂದ ಕ್ಲಬ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲು ಹೊಡೆಯುತ್ತಿದ್ದೇನೆ. ಈಗ ಲೈಸೆನ್ಸ್ ಬಂದಿದೆ. ಸ್ವಂತದ್ದೊಂದು 9 ಮಿ.ಮೀ. ಪಿಸ್ತೂಲು ಬೇಕು. 25 ಮೀಟರ್ ಗುರಿಗೂ ಆಗಬೇಕು, ಐಪಿಎಸ್‌ಸಿ (ಓಡಾಡುತ್ತಾ ಬೇಗ ಬೇಗ ಗುರಿ ಹೊಡೆಯುವ) ಪಂದ್ಯಕ್ಕೂ ಆಗಬೇಕು. ಕೈಯಲ್ಲಿ ದುಡ್ಡು ಜಾಸ್ತಿ ಇಲ್ಲ. ಚಿಕ್ಕ ಪಿಸ್ತೂಲು ಕಡಿಮೆಗೆ ಸಿಗುತ್ತದೆ ಅಂತ ಗೆಳೆಯರು ಹೇಳುತ್ತಾರೆ. ಕ್ಲಬ್‌ನ ಹಿರಿಯರೊಬ್ಬರು ಸಿಝಡ್ ಕಂಪನಿಯ ಶ್ಯಾಡೋ 2 ಬಿಟ್ಟು ಬೇರೆ ನೋಡಲೇಬೇಡ ಅಂತಾರೆ. ಯಾರ ಮಾತು ಕೇಳಲಿ?

ತರಬೇತುದಾರರ ಉತ್ತರ: ನಮಸ್ಕಾರ. ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ) ನಿಯಮದ 25 ಮೀಟರ್ ಪಿಸ್ತೂಲು ಸ್ಪರ್ಧೆ ಅಂದರೆ ಅದು .22 ಕ್ಯಾಲಿಬರ್‌ನದು, ಅಂದರೆ ಚಿಕ್ಕ ಗುಂಡಿನದು. ಅಲ್ಲಿ 9 ಮಿ.ಮೀ. ನಡೆಯುವುದಿಲ್ಲ. ಸೆಂಟರ್ ಫೈರ್ ಅಂತ ಬೇರೆ ಸ್ಪರ್ಧೆ ಇದೆ, ಅದರಲ್ಲಿ 7.62ರಿಂದ 9.65 ಮಿ.ಮೀ. ತನಕ ಒಪ್ಪುತ್ತಾರೆ. ಐಪಿಎಸ್‌ಸಿಯಲ್ಲಿ ಇದು ತಿರುಗುಮುರುಗು, ಅಲ್ಲಿ ಪಿಸ್ತೂಲಿಗೆ 9 ಮಿ.ಮೀ.ಗಿಂತ ಚಿಕ್ಕ ಗುಂಡು ಆಗುವುದಿಲ್ಲ. ಹಾಗಾಗಿ ನೀವು ಕೊಳ್ಳುವುದು ಐಪಿಎಸ್‌ಸಿಗೆ ಅಂತ ಇಟ್ಟುಕೊಳ್ಳಿ. ಅದೇ ಪಿಸ್ತೂಲಿನಲ್ಲಿ 25 ಮೀಟರ್ ಗುರಿ ಅಭ್ಯಾಸ ಧಾರಾಳವಾಗಿ ಮಾಡಬಹುದು.

ಈಗ ಚಿಕ್ಕದು, ದೊಡ್ಡದು ಅನ್ನುವ ಮಾತು. ಇಲ್ಲಿ ನಾನು ಹಟ ಹಿಡಿಯುತ್ತೇನೆ. ಗುರಿ ಹೊಡೆಯುವವರು ಫುಲ್ ಸೈಜನ್ನೇ ತಗೊಳ್ಳಬೇಕು. ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಮುಂದಿನ ಸೈಟ್‌ಗೂ ಹಿಂದಿನ ಸೈಟ್‌ಗೂ ಇರುವ ಅಂತರ ನೋಡಿ. ಫುಲ್ ಸೈಜಿನ ಗ್ಲಾಕ್ 17ರಲ್ಲಿ ಅದು 165 ಮಿ.ಮೀ. ಮುಂದಿನ ಸೈಟ್ ಕಾಲು ಮಿಲಿಮೀಟರ್ ಪಕ್ಕಕ್ಕೆ ಸರಿದರೆ 25 ಮೀಟರ್ ಆಚೆ ಗುಂಡು ಸುಮಾರು 38 ಮಿ.ಮೀ. ತಪ್ಪುತ್ತದೆ. ಅಂತರ 130 ಮಿ.ಮೀ. ಮಾತ್ರ ಇರುವ ಚಿಕ್ಕ ಪಿಸ್ತೂಲಿನಲ್ಲಿ ಅದೇ ತಪ್ಪು 48 ಮಿ.ಮೀ. ಆಗುತ್ತದೆ. ಇನ್ನೂ ಉದ್ದದ ಗ್ಲಾಕ್ 34ರಲ್ಲಿ ಅಂತರ 192 ಮಿ.ಮೀ., ಅಲ್ಲಿ 33ಕ್ಕೆ ಇಳಿಯುತ್ತದೆ. 25 ಮೀಟರ್ ಗುರಿಯ ಹತ್ತರ ವೃತ್ತದ ಅಗಲವೇ 50 ಮಿ.ಮೀ. ಅಂದರೆ ನಡುವಿನಿಂದ 25 ಮಿ.ಮೀ. ಅಷ್ಟೇ. ಚಿಕ್ಕದರಲ್ಲಿ ಕಲಿಯುವವರು ಎಷ್ಟು ಗುಂಡು ಸುಮ್ನೆ ಕಳೆದುಕೊಳ್ಳುತ್ತಾರೆ ನೋಡಿ. ಚಿಕ್ಕ ಪಿಸ್ತೂಲು ಹಗುರ ಬೇರೆ, ಜಾಸ್ತಿ ಒದೆಯುತ್ತದೆ. ಕಿರುಬೆರಳಿಗೆ ಹಿಡಿ ಸಾಲುವುದಿಲ್ಲ.

ಶ್ಯಾಡೋ 2 ಒಳ್ಳೆಯದೇ. 2016ರಲ್ಲಿ ಬಂದದ್ದು, ಪೂರ್ತಿ ಉಕ್ಕು, ತೂಕ 1.3 ಕಿಲೋ ದಾಟುತ್ತದೆ. ಆ ತೂಕವೇ ಒದೆತವನ್ನು ನುಂಗುತ್ತದೆ. ಆದರೆ ನಿಮ್ಮ ದುಡ್ಡೆಲ್ಲ ಅದಕ್ಕೇ ಹೋದರೆ ಹೊಡೆಯಲು ಗುಂಡು ಎಲ್ಲಿಂದ ತರುತ್ತೀರಿ? ವಾರಕ್ಕೆ 100 ಗುಂಡು ಅಂದರೆ ವರ್ಷಕ್ಕೆ 5,200. ನಾನು ಹುಡುಗರಿಗೆ ಹೇಳುವುದು ಇಷ್ಟೇ: ಒಂದು ವರ್ಷದ ಗುಂಡಿನ ದುಡ್ಡನ್ನು ಮೊದಲು ಪಕ್ಕಕ್ಕೆ ಎತ್ತಿಡಿ, ಉಳಿದದ್ದರಲ್ಲಿ ಪಿಸ್ತೂಲು ನೋಡಿ. ಹಳೆಯ ಸಿಝಡ್ 75, ಎಸ್‌ಪಿ-01, ಕಾನಿಕ್ ಟಿಪಿ9 ಎಸ್‌ಎಫ್, ಗ್ಲಾಕ್ 17 ಇವುಗಳಲ್ಲಿ ಯಾವುದಾದರೂ ಸರಿ, ವರ್ಷಗಟ್ಟಲೆ ನಿಮ್ಮನ್ನು ಹಿಂದೆ ಎಳೆಯುವುದಿಲ್ಲ. ಕೊಳ್ಳುವ ಮೊದಲು ಆ ಮಾಡೆಲ್ ಐಪಿಎಸ್‌ಸಿಯ ಪ್ರೊಡಕ್ಷನ್ ವಿಭಾಗದ (ಹೆಚ್ಚು ಕಡಿಮೆ ಕಾರ್ಖಾನೆಯಿಂದ ಬಂದ ಹಾಗೇ ಇರುವ ಪಿಸ್ತೂಲುಗಳ ವಿಭಾಗ) ಪಟ್ಟಿಯಲ್ಲಿ ಇದೆಯಾ ಅಂತ ನೋಡಿಕೊಳ್ಳಿ.

ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಸಿಝಡ್ 75ಕ್ಕೂ ಗ್ಲಾಕ್‌ಗೂ ಟ್ರಿಗರ್ ಬೇರೆ ಬೇರೆ ಅಂತಾರಲ್ವಾ? ಏರ್ ಪಿಸ್ತೂಲಿನಿಂದ ಬಂದವನಿಗೆ ಯಾವುದು ಸುಲಭ?

ಉತ್ತರ: ಎರಡೂ ನಿಮಗೆ ಭಾರ ಅನ್ನಿಸುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಿ. ಏರ್ ಪಿಸ್ತೂಲಿನಲ್ಲಿ 500 ಗ್ರಾಂ ಎಳೆತಕ್ಕೆ ಬೆರಳು ಒಗ್ಗಿರುತ್ತದೆ. ಗ್ಲಾಕ್‌ನಲ್ಲಿ ಅದರ ಐದು ಪಟ್ಟು ಹತ್ತಿರ ಬರುತ್ತದೆ, ಆದರೆ ಪ್ರತಿ ಸಲವೂ ಒಂದೇ ಥರ. ಸಿಝಡ್ 75ರಲ್ಲಿ ಮೊದಲ ಗುಂಡಿಗೆ ಎಳೆತ ಉದ್ದ ಮತ್ತು ಭಾರ, ಆಮೇಲಿನವು ಹಗುರ. ಪ್ರೊಡಕ್ಷನ್‌ನಲ್ಲಿ ಇಂಥ ಪಿಸ್ತೂಲಿನ ಹ್ಯಾಮರ್ (ಹಿಂದಿರುವ ಸುತ್ತಿಗೆ) ಇಳಿಸಿಯೇ ಶುರು ಮಾಡಬೇಕು, ಹಾಗಾಗಿ ಆ ಮೊದಲ ಎಳೆತದಿಂದ ತಪ್ಪಿಸಿಕೊಳ್ಳುವಂತಿಲ್ಲ. ದಿನಾ ಮನೆಯಲ್ಲಿ ಡ್ರೈ ಫೈರ್ (ಗುಂಡಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ) ಮಾಡುವ ತಾಳ್ಮೆ ಇದ್ದರೆ ಸಿಝಡ್, ಇಲ್ಲದಿದ್ದರೆ ಗ್ಲಾಕ್ ಅಥವಾ ಕಾನಿಕ್. ನನ್ನ ಮನಸ್ಸು ಸಿಝಡ್ ಕಡೆಗೇ ವಾಲುತ್ತದೆ. ಆ ಮೊದಲ ಎಳೆತ ಕಲಿತವರ ಬೆರಳು ಬೇರೆ ಯಾವ ಪಿಸ್ತೂಲಿಗೂ ಹೆದರುವುದಿಲ್ಲ. ಡ್ರೈ ಫೈರ್‌ಗೆ ಮೊದಲು ಮ್ಯಾಗಜೀನ್ ತೆಗೆದು, ಚೇಂಬರ್ (ಗುಂಡು ಕೂರುವ ಜಾಗ) ಕಣ್ಣಿಂದಲೂ ಬೆರಳಿಂದಲೂ ನೋಡಿ. ಗುಂಡು ಬೇರೆ ಕೋಣೆಯಲ್ಲಿರಲಿ. ಇದರಲ್ಲಿ ಒಂದು ದಿನವೂ ರಿಯಾಯಿತಿ ಬೇಡ.

ಗುಂಪಿನ ಇನ್ನೊಬ್ಬರು: ಸರ್, ನನ್ನ ಕೈ ಚಿಕ್ಕದು. ಫುಲ್ ಸೈಜ್ ಹಿಡಿದರೆ ಬೆರಳು ಟ್ರಿಗರ್‌ಗೆ ಸರಿಯಾಗಿ ಎಟುಕುವುದಿಲ್ಲ. ನಾನೂ ದೊಡ್ಡದನ್ನೇ ತಗೊಳ್ಳಬೇಕಾ?

ಉತ್ತರ: ಮೇಡಂ, ಉದ್ದದ ಪಿಸ್ತೂಲಿಗೂ ದಪ್ಪ ಹಿಡಿಗೂ ಸಂಬಂಧ ಇಲ್ಲ. ಖಾಲಿ ಪಿಸ್ತೂಲನ್ನು ಸುರಕ್ಷಿತ ಕಡೆಗೆ ತಿರುಗಿಸಿ, ಬ್ಯಾರಲ್ ಮುಂಗೈಗೆ ನೇರವಾಗಿ ಬರುವ ಹಾಗೆ ಹಿಡಿಯಿರಿ. ತೋರುಬೆರಳಿನ ತುದಿಯ ಗೆಣ್ಣಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ಕೂರಬೇಕು. ಅದಕ್ಕೋಸ್ಕರ ಕೈ ತಿರುಗಿಸಬೇಕಾಗಿ ಬಂದರೆ ಆ ಪಿಸ್ತೂಲು ನಿಮ್ಮದಲ್ಲ. ಸಿಝಡ್‌ಗೆ ತೆಳು ಗ್ರಿಪ್ ಹಲಗೆ ಸಿಗುತ್ತವೆ. ಹೊಸ ಪಿಸ್ತೂಲುಗಳಲ್ಲಿ ಹಿಡಿಯ ಹಿಂಭಾಗ ಬದಲಿಸುವ ತುಂಡುಗಳು ಜೊತೆಗೇ ಬರುತ್ತವೆ.

ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗಿಯೊಬ್ಬಳ ಗುಂಡುಗಳೆಲ್ಲ ಎಡಕ್ಕೆ, ಕೆಳಕ್ಕೆ ಬೀಳುತ್ತಿದ್ದವು. ಪಿಸ್ತೂಲೇ ಸರಿ ಇಲ್ಲ, ಬದಲಿಸುತ್ತೇನೆ ಅಂದಳು. ಅವಳಿಗೆ ಕಾಣದ ಹಾಗೆ ಮ್ಯಾಗಜೀನ್‌ನಲ್ಲಿ ಎರಡು ಡಮ್ಮಿ ಗುಂಡು ಸೇರಿಸಿ ಕೊಟ್ಟೆ. ಮೂರನೆಯ ಎಳೆತಕ್ಕೆ ಬರೀ ಟಕ್ ಅಂದಿತು. ಗುಂಡು ಹಾರಲೇ ಇಲ್ಲ, ಆದರೂ ಪಿಸ್ತೂಲಿನ ಮೂತಿ ಎರಡು ಬೆರಳಷ್ಟು ಕೆಳಗೆ ಕುಕ್ಕಿತು. ಅವಳೇ ನೋಡಿದಳು. ಒದೆತ ಬರುವ ಮೊದಲೇ ಕೈ ಅದನ್ನು ತಳ್ಳುತ್ತಿತ್ತು. ಅದೇ ಪಿಸ್ತೂಲು, ಮೂರು ವಾರ ಡ್ರೈ ಫೈರ್, ಗುಂಡುಗಳು ಗುರಿ ಹಾಳೆಯ ಕಪ್ಪು ವೃತ್ತದೊಳಗೆ ಬಂದವು.

ಮತ್ತೊಬ್ಬರು: ಸೆಕೆಂಡ್ ಹ್ಯಾಂಡ್ ತಗೊಂಡರೆ ಏನು ನೋಡಬೇಕು? ರೆಡ್ ಡಾಟ್ (ಕೆಂಪು ಚುಕ್ಕಿ ತೋರಿಸುವ ಸೈಟ್) ಈಗಲೇ ಹಾಕಿಸಬಹುದಾ?

ಉತ್ತರ: ರೆಡ್ ಡಾಟ್ ಹಾಕಿದರೆ ನೀವು ಪ್ರೊಡಕ್ಷನ್‌ನಲ್ಲಿ ನಿಲ್ಲುವಂತಿಲ್ಲ, ಪ್ರೊಡಕ್ಷನ್ ಆಪ್ಟಿಕ್ಸ್ ಅಂತ ಬೇರೆ ವಿಭಾಗ ಇದೆ. ಮೊದಲ ವರ್ಷ ಮಾಮೂಲಿ ಸೈಟ್ ಸಾಕು.

ಸೆಕೆಂಡ್ ಹ್ಯಾಂಡ್‌ಗೆ ಹೆದರಬೇಡಿ. ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು ಬಿಚ್ಚಿಸಿ. ಬ್ಯಾರಲ್ ಒಳಗೆ ಬೆಳಕು ಹಾಯಿಸಿ, ತುಕ್ಕಿನ ಗುಳಿಯಾಗಲಿ, ಉಂಗುರದ ಥರ ಉಬ್ಬಿದ ಗೆರೆಯಾಗಲಿ ಕಂಡರೆ ಬಿಟ್ಟುಬಿಡಿ. ಗುಂಡು ಹಾರಿದ ಮೇಲೆ ಪಿಸ್ತೂಲಿನ ಮೇಲ್ಭಾಗವನ್ನು ವಾಪಸ್ ತಳ್ಳುವ ರಿಕಾಯ್ಲ್ ಸ್ಪ್ರಿಂಗ್ ಸೋತಿದ್ದರೆ ಚಿಂತೆ ಇಲ್ಲ, ಅದು ಅಗ್ಗದ ಭಾಗ. ಮ್ಯಾಗಜೀನ್ ಮಾತ್ರ ಚೆನ್ನಾಗಿ ನೋಡಿ. ಅದರ ಬಾಯಿಯ ಅಂಚು ಬಾಗಿದ್ದರೆ ಗುಂಡು ಸಿಕ್ಕಿಹಾಕಿಕೊಳ್ಳುತ್ತದೆ, ಜನ ಪಿಸ್ತೂಲನ್ನು ಬೈಯುತ್ತಾರೆ. ಟ್ರಿಗರ್ ಹಗುರ ಮಾಡಿಸಿದ್ದಾರಾ ಅಂತ ಕೇಳಿ. ಮನೆಯಲ್ಲೇ ಉಜ್ಜಿ ಹಗುರ ಮಾಡಿದ್ದನ್ನು ಗನ್‌ಸ್ಮಿತ್ ನೋಡದೆ ತಗೊಳ್ಳಬೇಡಿ, ತಾನಾಗಿ ಹಾರುವ ಅಪಾಯ ಇರುತ್ತದೆ. ಆಮೇಲೆ ಮಾರುವವರ ಜೊತೆ ರೇಂಜ್‌ಗೆ ಹೋಗಿ, ನೀವೇ 50 ಗುಂಡು ಹೊಡೆದು ನೋಡಿ.

ಕೇಳಿದವರು: ಸರ್, ಭಾನುವಾರ ಕ್ಲಬ್‌ನಲ್ಲಿ ಒಬ್ಬರ ಎಸ್‌ಪಿ-01, ಇನ್ನೊಬ್ಬರ ಗ್ಲಾಕ್ 17 ಎರಡನ್ನೂ ಹೊಡೆದು ನೋಡುತ್ತೇನೆ.

ಉತ್ತರ: ಹಾಗೇ ಮಾಡಿ. ಎರಡಕ್ಕೂ ಒಂದೇ ಕಂಪನಿಯ ಗುಂಡು ಬಳಸಿ. ಗುರಿ ಹಾಳೆ ಎರಡನ್ನೂ ಎಸೆಯದೆ ಫೋಟೋ ತೆಗೆದು ಇಲ್ಲಿ ಹಾಕಿ, ಗುಂಡುಗಳು ಎಲ್ಲಿ ಗುಂಪಾಗಿವೆ ಅಂತ ನೋಡಿ ಹೇಳುತ್ತೇನೆ.