ಮಳೆಗಾಲದಲ್ಲಿ ಸ್ನೂಕರ್ ಕ್ಯೂ ಡೊಂಕಾಗದಂತೆ ಇಡುವುದು ಹೇಗೆ?

ಉಪ್ಪಳದಿಂದ ಪ್ರಶ್ನೆ: ಆ್ಯಶ್ ಮರದ ಎರಡು ತುಂಡಿನ ಕ್ಯೂ (ಚೆಂಡು ಹೊಡೆಯುವ ಕೋಲು). ಕೆಂಪುಕಲ್ಲಿನ ಮನೆ, ಮೂಲೆಯಲ್ಲಿ ಗೋಡೆಗೆ ಒರಗಿಸಿ ಇಡುವುದು. ಆಟಿ (ತುಳುವಿನ ಮಳೆ ತಿಂಗಳು) ಬಂತೆಂದರೆ ಕೈಗೆ ಅಂಟುತ್ತದೆ. ಈಗ ತುದಿ ಬಾಗಿದ ಹಾಗೆ ಕಾಣುತ್ತಿದೆ. ತೆಂಗಿನೆಣ್ಣೆ ಹಚ್ಚಬಹುದಾ?

ಕುಂಬಳೆಯಿಂದ: ತೆಂಗಿನೆಣ್ಣೆ ಬೇಡವೇ ಬೇಡ ಮಾರಾಯ್ರೇ. ಅದು ಒಣಗುವ ಎಣ್ಣೆಯಲ್ಲ, ಕ್ಯೂ ತುದಿಗೆ ಹಚ್ಚುವ ಚಾಕಿನ ಹುಡಿ ಹಿಡಿದು ಅಂಟು ಇನ್ನೂ ಜಾಸ್ತಿಯಾಗುತ್ತದೆ. ಆ್ಯಶ್‌ಗೆ ಅಗಸೆ ಎಣ್ಣೆ. ಬಟ್ಟೆಗೆ ನಾಲ್ಕೈದು ಹನಿ ಹಾಕಿ ತೆಳ್ಳಗೆ ಉಜ್ಜಿ, ಅರ್ಧ ಗಂಟೆ ಬಿಟ್ಟು ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ. ಇದನ್ನು ಮೇ ತಿಂಗಳ ಒಳಗೇ ಮುಗಿಸಿ, ಮಳೆ ಹಿಡಿದ ಮೇಲೆ ಹಚ್ಚಿದರೆ ಬೇಗ ಒಣಗುವುದಿಲ್ಲ. ಆ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತನ್ನಷ್ಟಕ್ಕೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ. ಪೂಲ್ ಕ್ಯೂನ ಪಾಲಿಶ್ ಹಾಕಿದ ಮೇಪಲ್ ಮರದ ಶಾಫ್ಟ್‌ಗೆ (ಮುಂದಿನ ತುಂಡಿಗೆ) ಈ ಉಪಚಾರ ಬೇಕಿಲ್ಲ.

ಮಂಜೇಶ್ವರದಿಂದ: ಎಣ್ಣೆ ತೇವವನ್ನು ನಿಧಾನ ಮಾಡೀತು, ತಡೆಯಲಾರದು. ಗಾಳಿಯ ತೇವ ಶೇ. 50 ಇದ್ದರೆ ಮರದೊಳಗಿನ ನೀರು ಸುಮಾರು ಶೇ. 9; ಗಾಳಿಯದ್ದು 90ಕ್ಕೆ ಏರಿದರೆ ಮರದ್ದು ಶೇ. 20ರ ಹತ್ತಿರ. ಸುತ್ತಲೂ ಸಮನಾಗಿ ಏರಿದರೆ ಮರ ಉಬ್ಬುತ್ತದೆ ಅಷ್ಟೆ. ಒಂದೇ ಬದಿ ಏರಿದರೆ ಬಾಗುತ್ತದೆ. ನಿಮ್ಮ ಗೋಡೆ ಮಾಡುತ್ತಿರುವುದು ಇದನ್ನೇ: ಒಂದು ಬದಿಗೆ ಥಂಡಿ, ಮೇಲಿನಿಂದ ಒರಗಿದ ಭಾರ. ತೇವ ಏರಿಳಿಯುವಾಗ ಭಾರ ಬಿದ್ದ ಮರ ಬೇಗ ಮಣಿಯುತ್ತದೆ.

ತುಂಡು ಬಿಚ್ಚಿ, ಬಿಗಿ ಮುಚ್ಚಳದ ಕೇಸಿನಲ್ಲಿ ಮಲಗಿಸಿ ಇಡಿ. ಜೊತೆಗೆ 50 ಗ್ರಾಮಿನ ಎರಡು ಸಿಲಿಕಾ ಜೆಲ್ ಚೀಲ. ಕಿತ್ತಳೆ ಹರಳು ಹಸಿರಾದಾಗ ಓವನ್‌ನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಅಕ್ಕಿ ತುಂಬಿಸುವವರಿದ್ದಾರೆ, ಅಕ್ಕಿಯಲ್ಲೇ ಶೇ. 12–14 ನೀರಿದೆ, ಹುಡಿ ಬೇರೆ. ಎಸಿ ಕ್ಲಬ್ಬಿನಿಂದ ಹೊರಡುವಾಗ ಕೇಸನ್ನು ಒಳಗೇ ಮುಚ್ಚಿ, ಮನೆಗೆ ಬಂದು ಅರ್ಧ ಗಂಟೆ ಬಿಟ್ಟು ತೆರೆಯಿರಿ. ಇಲ್ಲದಿದ್ದರೆ ತಣ್ಣಗಿನ ಹಿತ್ತಾಳೆಯ ಫೆರೂಲ್ (ಕ್ಯೂ ತುದಿಯ ಬಳೆ) ಮತ್ತು ಜಾಯಿಂಟಿನ ಮೇಲೆ ನೀರು ಕೂರುತ್ತದೆ.

ಹೊಸದುರ್ಗದಿಂದ: ಚೆಂಡಿಗೆ ತಾಗುವ ಚರ್ಮದ ಟಿಪ್ಪನ್ನೂ ನೋಡಿ. ಚರ್ಮ ಥಂಡಿ ಎಳೆದು ಮೆತ್ತಗಾದರೆ ಅಂಚು ಫೆರೂಲಿನ ಹೊರಗೆ ಹರಡುತ್ತದೆ. ಅಂಟುವ ಶಾಫ್ಟನ್ನು ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜುತ್ತಾ ಹೋದರೆ ಮರವೇ ಸವೆಯುತ್ತದೆ. ಹಿಂಡಿದ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಕೂಡಲೇ ಒಣಬಟ್ಟೆಯಲ್ಲಿ ತಿಕ್ಕಿದರೆ ಸಾಕು.

ಡೊಂಕು ನಿಜವೋ ಎಂದು ತಿಳಿಯಲು ಟೇಬಲ್ ಮೇಲೆ ಉರುಳಿಸಬೇಡಿ, ಹಿಡಿಯ ಚಪ್ಪಟೆ ಭಾಗ ಮೋಸ ಮಾಡುತ್ತದೆ. ಕಣ್ಣಿನ ನೇರಕ್ಕೆ ಹಿಡಿದು ನಿಧಾನ ತಿರುಗಿಸಿ, ಶಾಫ್ಟನ್ನು ಬೇರೆ, ಹಿಡಿಯನ್ನು ಬೇರೆ. ಎರಡೂ ನೇರವಿದ್ದರೆ ಜಾಯಿಂಟಿನ ಮುಖದಲ್ಲಿ ಕಸವೋ ಉಬ್ಬೋ ಇದೆ. ಶಾಫ್ಟೇ ಒಂದೆರಡು ಮಿ.ಮೀ. ಬಾಗಿದ್ದರೆ ಬಾಗು ಮೇಲೆ-ಕೆಳಗೆ ಬರುವಂತೆ ಹಿಡಿದು ಆಡಬಹುದು. ಒಲೆಯ ಬಿಸಿಗೆ ಹಿಡಿದು ನೇರ ಮಾಡಹೋಗಬೇಡಿ, ಮುಂದಿನ ಮಳೆಗೆ ಮತ್ತೆ ಬಾಗುತ್ತದೆ, ಅಷ್ಟರಲ್ಲಿ ಫೆರೂಲಿನ ಗಮ್ ಬಿಟ್ಟಿರುತ್ತದೆ.