ಸಹಾಯ ಬೇಕು: ಗುರುತಿಲ್ಲದವರನ್ನು ಫೋಟೋ ತೆಗೀಲಾ ಅಂತ ಕೇಳೋದು ಹೇಗೆ?

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಜನರ ಮುಖದ ಫೋಟೋ ತೆಗೆಯಬೇಕು ಅಂತ ಆಸೆ. ಕ್ಯಾಮೆರಾ ಇದೆ, 50 ಎಂಎಂ ಲೆನ್ಸ್ ಇದೆ, ಧೈರ್ಯ ಇಲ್ಲ. ಈ ಲೆನ್ಸಿಗೆ ಹತ್ತಿರ ಹೋಗಲೇಬೇಕು. ಕದ್ದು ತೆಗೆಯೋದು ನನಗೆ ಇಷ್ಟವೂ ಇಲ್ಲ ಬಿಡಿ.

ಕಳೆದ ಭಾನುವಾರ ಮಲ್ಲಿಗೆ ಕಟ್ಟುತ್ತಾ, ಪಕ್ಕದವರ ಜೊತೆ ನಗುತ್ತಾ ಕೂತಿದ್ದ ಅಜ್ಜಿಯೊಬ್ಬರನ್ನು ಕೇಳಿದೆ: "ಅಜ್ಜಿ, ಒಂದು ಫೋಟೋ ತೆಗೀಲಾ?" ಒಪ್ಪಿದರು. ಆದರೆ ದಾರ ಪಕ್ಕಕ್ಕಿಟ್ಟು, ಸೆರಗು ಸರಿ ಮಾಡಿಕೊಂಡು, ಆಧಾರ್ ಕಾರ್ಡಿಗೆ ಕೂತ ಹಾಗೆ ಬಿಗಿಯಾಗಿಬಿಟ್ಟರು! ಆ ನಗು ಹೋಯ್ತು. ಎರಡು ಕ್ಲಿಕ್ ಮಾಡಿ ಸುಮ್ನೆ ಬಂದೆ.

ಮೊದಲು ಒಂದು ಮೊಳ ಹೂ ತಗೊಂಡು ಮಾತಾಡಿಸಬೇಕಾ? ಯಾರಾದರೂ ದುಡ್ಡು ಕೇಳಿದರೆ ಕೊಡ್ತೀರಾ? ಬೇಡ ಅಂದವರ ಮುಂದೆ ಮತ್ತೆ ಓಡಾಡೋಕೆ ಮುಜುಗರ ಆಗಲ್ವಾ? ಅಭ್ಯಾಸ ಇರೋರು ದಯವಿಟ್ಟು ಹೇಳಿ. ಅಜ್ಜಿಗೆ ಪ್ರಿಂಟ್ ಕೊಡೋಕೆ ಈ ವಾರ ಮತ್ತೆ ಹೋಗ್ತಿದ್ದೇನೆ.